ಐಬಿಎಸ್‌ಗೆ ಅಕ್ಯುಪಂಕ್ಚರ್: ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ

ಮೊದಲು ಡಾಕ್ಟರ್ ಹತ್ತಿರ ಹೋಗಿ, ನಿಮ್ಮ ಹೊಟ್ಟೆಯ ತೊಂದರೆ ಐಬಿಎಸ್ಸೇ (ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಪದೇ ಪದೇ ಕಾಡುವ ಕರುಳಿನ ಸಮಸ್ಯೆ) ಅಂತ ಖಚಿತ ಮಾಡಿಕೊಳ್ಳಿ. ಮಲದಲ್ಲಿ ರಕ್ತ ಬರುತ್ತಿದ್ದರೆ, ಸುಮ್ಸುಮ್ನೆ ತೂಕ ಇಳಿಯುತ್ತಿದ್ದರೆ ಸೂಜಿ ವಿಷಯ ಆಮೇಲೆ. ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ: 2012ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ನಿಜವಾದ ಅಕ್ಯುಪಂಕ್ಚರ್‌ಗೂ ಹೋಲಿಕೆಗೆಂದು ಮಾಡಿದ ನಕಲಿ ಅಕ್ಯುಪಂಕ್ಚರ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಇದನ್ನು ನಂಬಿ ಮಾತ್ರೆ, ಪಥ್ಯ ಬಿಡಬೇಡಿ.

ಆದರೂ ನೋಡೋಣ ಅನ್ನುವವರು ಸರಿಯಾದ ತರಬೇತಿ ಪಡೆದವರ ಬಳಿಯೇ ಹೋಗಿ. ಒಮ್ಮೆ ಬಳಸಿ ಬಿಸಾಡುವ ಸ್ಟೆರೈಲ್ ಸೂಜಿಯನ್ನು ನಿಮ್ಮ ಕಣ್ಣೆದುರೇ ಬಿಚ್ಚಲಿ. ರಕ್ತ ತೆಳುವಾಗಿಸುವ ಔಷಧಿ ತಗೊಳ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ. ಸಾಮಾನ್ಯವಾಗಿ ಹೊಟ್ಟೆಯ ಮೇಲೆ, ಮೊಣಕಾಲಿನ ಕೆಳಗೆ ಚುಚ್ಚಿ 20-30 ನಿಮಿಷ ಬಿಡುತ್ತಾರೆ. ನೋವು, ಹೊಟ್ಟೆಯುಬ್ಬರ ಹೇಗಿದೆ ಅಂತ ದಿನಾ ಬರೆದಿಡಿ. ಕೆಲವು ವಾರದಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಿ, ಚಿಕಿತ್ಸೆ ಕೊಡುವವರು ಇನ್ನಷ್ಟು ಸಿಟ್ಟಿಂಗ್ ಬೇಕು ಅಂದರೂ ಸರಿ.