ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಜನರನ್ನು ಸೇರಿಸುವ ಮೊದಲು

ಪ್ರಾಜೆಕ್ಟ್ ಹಿಂದೆ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಹೊಸಬರನ್ನು ತಂಡಕ್ಕೆ ಸೇರಿಸಲು ಮನಸ್ಸಾಗುವುದು ಸಹಜ. ಆದರೆ ತಡವಾದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು. ಹೊಸಬರಿಗೆ ಕೆಲಸ ಕಲಿಸುವ ಹೊರೆ ಹಳಬರ ಮೇಲೆಯೇ ಬೀಳುತ್ತದೆ, ಜೊತೆಗೆ 5 ಜನರಿದ್ದಾಗ ಪರಸ್ಪರ ಮಾತನಾಡಬೇಕಾದ ಜೋಡಿಗಳು 10 ಇದ್ದರೆ, 10 ಜನರಾದಾಗ ಅವು 45 ಆಗುತ್ತವೆ.

ಅದರ ಬದಲು, ಉಳಿದಿರುವ ಕೆಲಸವನ್ನು ಹೊಸದಾಗಿ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಎರಡು ಮೂರು ದಿನಗಳಲ್ಲಿ ಮುಗಿಯುವಷ್ಟು ಸಣ್ಣ ಭಾಗಗಳಾಗಿ ಒಡೆಯಿರಿ. ‘ಬಹುತೇಕ ಮುಗಿದಿದೆ’ ಎಂಬ ಮಾತನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಟೆಸ್ಟಿಂಗ್ ದಾಟಿ ಮುಖ್ಯ ಕೋಡ್‌ಗೆ ಸೇರಿದ್ದನ್ನು ಮಾತ್ರ ಮುಗಿದದ್ದೆಂದು ಎಣಿಸಿ. ಹೀಗೆ ಎರಡು ವಾರ ಎಣಿಸಿದರೆ ತಂಡದ ನಿಜವಾದ ವೇಗ ತಿಳಿಯುತ್ತದೆ, ಹೊಸ ದಿನಾಂಕವನ್ನು ಅದರ ಆಧಾರದ ಮೇಲೆಯೇ ಹೇಳಬೇಕು. ಆ ದಿನಾಂಕ ಗ್ರಾಹಕರಿಗೆ ಒಪ್ಪಿಗೆಯಾಗದಿದ್ದರೆ, ಯಾವ ಸೌಲಭ್ಯಗಳಿಲ್ಲದೆಯೂ ಬಳಕೆ ಆರಂಭಿಸಬಹುದು ಎಂಬುದನ್ನು ಅವರೊಂದಿಗೇ ಕುಳಿತು ನಿರ್ಧರಿಸಿ, ಅವನ್ನು ಮುಂದಿನ ಆವೃತ್ತಿಗೆ ಇಟ್ಟುಕೊಳ್ಳಿ. ಟೆಸ್ಟಿಂಗ್‌ನ ದಿನಗಳನ್ನು ಮಾತ್ರ ಕಡಿತಗೊಳಿಸಬೇಡಿ. ಹಾಗೆ ಉಳಿಸಿದ ಸಮಯವೆಲ್ಲ ಬಿಡುಗಡೆಯ ನಂತರ ದೋಷಗಳನ್ನು ಸರಿಪಡಿಸುವುದರಲ್ಲೇ ಹೋದದ್ದನ್ನು ನಾನು ಕಂಡಿದ್ದೇನೆ.