ಸೊಂಟದ ಮೂಳೆ ನನಗೆ ಅರ್ಥವಾಗಿದ್ದು ಹೀಗೆ

ಮೈಸೂರಿನಲ್ಲಿ ಫಿಸಿಯೋಥೆರಪಿ ಓದುವಾಗ ನನ್ನನ್ನು ಜಾಸ್ತಿ ಕಾಡಿದ ಮೂಳೆ ಇದು. ತೊಡೆ ಮೂಳೆಯಾದರೆ ತಲೆ ಯಾವುದು, ಮಂಡಿ ಕಡೆ ಯಾವುದು ಅಂತ ಯಾರಾದರೂ ಹೇಳುತ್ತಾರೆ. ಸೊಂಟದ ಮೂಳೆ ಹಾಗಲ್ಲ. ಮೇಲೆ ಅಗಲವಾದ ರೆಕ್ಕೆ, ನಡುವೆ ತೊಡೆ ಮೂಳೆಯ ತಲೆ ಕೂರುವ ಗುಂಡಿ, ಕೆಳಗೆ ದೊಡ್ಡ ತೂತು, ಎಲ್ಲ ತಿರುಚಿಕೊಂಡಿದೆ. ಮೊದಲ ವೈವಾದಲ್ಲಿ (ಬಾಯಿ ಪರೀಕ್ಷೆ) ಬಲದ್ದು ಅಂತ ಸರಿಯಾಗೇ ಹೇಳಿದೆ, ಆದರೆ ದೇಹದಲ್ಲಿ ಇರುವ ಹಾಗೆ ಹಿಡಿದು ತೋರಿಸಿ ಅಂದಾಗ ಕೈ ನಿಂತುಹೋಯಿತು.

ಆಮೇಲೆ ಸರಸ್ವತಿಪುರಂನ ರೂಮಿನಲ್ಲಿ ಸೀನಿಯರ್ ಒಬ್ಬರು ಮೂಳೆಯನ್ನು ಗೋಡೆಗೆ ಒತ್ತಿ ತೋರಿಸಿದರು. ರೆಕ್ಕೆಯ ಮುಂದಿನ ಮೊನೆ (ಎಎಸ್‌ಐಎಸ್ ಅನ್ನುತ್ತೇವೆ) ಮತ್ತು ಕೆಳಗೆ ಪ್ಯೂಬಿಸ್‌ನ (ಮೂಳೆಯ ಮುಂದಿನ ಕೆಳಭಾಗ) ಪುಟ್ಟ ಗಂಟು, ಎರಡೂ ಒಟ್ಟಿಗೆ ಗೋಡೆಗೆ ತಾಗಬೇಕು. ಗುಂಡಿ ಹೊರಗೆ ನೋಡಬೇಕು. ಅಷ್ಟೇ. ಪೆಲ್ವಿಸ್ (ಸೊಂಟದ ಮೂಳೆಗಳ ಇಡೀ ಕಟ್ಟು) ಬಟ್ಟಲಿನ ಹಾಗೆ ನೆಟ್ಟಗೆ ಕೂತಿಲ್ಲ, ಮುಂದಕ್ಕೆ ಬಾಗಿದೆ ಅನ್ನೋದು ಆವತ್ತು ಕಣ್ಣಿಗೆ ಕಂಡಿತು.

ಆಮೇಲಿಂದ ನನ್ನ ಮೈಯಲ್ಲೇ ಹುಡುಕತೊಡಗಿದೆ. ಸೊಂಟದ ಮೇಲೆ ಕೈ ಇಟ್ಟರೆ ಸಿಗುವ ಅಂಚು ಇಲಿಯಂದು, ಅಂದರೆ ಆ ರೆಕ್ಕೆಯದು. ಎರಡೂ ಕಡೆಯ ಅಂಚಿನ ಅತಿ ಎತ್ತರದ ಜಾಗ ಸೇರಿಸಿ ಗೆರೆ ಎಳೆದರೆ ಬೆನ್ನಿನಲ್ಲಿ ಸುಮಾರು ಎಲ್‌4 (ಕೆಳಬೆನ್ನಿನ ನಾಲ್ಕನೇ ಬೆನ್ನೆಲುಬು) ಹತ್ತಿರ ಬರುತ್ತದೆ. ಗಟ್ಟಿ ಜಗಲಿ ಮೇಲೆ ಅಂಗೈ ಇಟ್ಟು ಅದರ ಮೇಲೆ ಕೂತರೆ ಚುಚ್ಚುವ ಗಂಟು ಇಸ್ಕಿಯಂದು, ಅಂದರೆ ಮೂಳೆಯ ಹಿಂದಿನ ಕೆಳಭಾಗದ್ದು. ಅದನ್ನು ಕೂತೇ ಹುಡುಕಿ, ನಿಂತಾಗ ಕುಂಡಿಯ ಸ್ನಾಯು ಮುಚ್ಚಿಕೊಂಡಿರುತ್ತದೆ. ಇಲಿಯಂ, ಇಸ್ಕಿಯಂ, ಪ್ಯೂಬಿಸ್ ಚಿಕ್ಕ ಮಕ್ಕಳಲ್ಲಿ ಬೇರೆ ಬೇರೆ ಮೂಳೆಗಳು, ಗುಂಡಿಯೊಳಗೆ ಮೂರು ಕವಲಿನ ಮೃದ್ವಸ್ಥಿ ಅವನ್ನು ಹಿಡಿದಿರುತ್ತದೆ, ಹದಿಹರೆಯದಲ್ಲಿ ಬೆಸೆಯುತ್ತವೆ.

ಇದೆಲ್ಲ ನಿಜವಾಗಿ ಕೆಲಸಕ್ಕೆ ಬಂದಿದ್ದು ಮಂಡ್ಯದಲ್ಲಿ. ಇಲ್ಲಿ ಬೆನ್ನಿನ ಕೆಳಭಾಗ, ಕುಂಡಿ, ಪಕ್ಕೆ ಎಲ್ಲಕ್ಕೂ ಸೊಂಟ ಅಂತಲೇ ಅನ್ನುತ್ತಾರೆ. "ಸೊಂಟ ನೋವು ಕಣಪ್ಪ" ಅಂತ ಒಬ್ಬ ಅಜ್ಜಿ ಬಂದರು. ಬೇರೆ ಕಡೆ ಕೊಟ್ಟಿದ್ದ ಬೆಲ್ಟನ್ನು ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದರು. "ಅಜ್ಜಿ, ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ" ಅಂದೆ. ಬೆರಳು ಹೋಗಿದ್ದು ಬೆನ್ನಿಗಲ್ಲ, ಮುಂದೆ ಬಲಗಡೆ ತೊಡೆಸಂದಿಗೆ. ಸೊಂಟದ ಕೀಲಿನ ನೋವು ಹೆಚ್ಚಾಗಿ ಕಾಣಿಸಿಕೊಳ್ಳೋದು ಅಲ್ಲೇ. ಪಕ್ಕದಲ್ಲಿ ಕೈಗೆ ಸಿಗುವ ಉಬ್ಬು ತೊಡೆ ಮೂಳೆಯದು, ಕೀಲು ಇರೋದು ಇನ್ನೂ ಒಳಗೆ. ಮಲಗಿಸಿ ಮಂಡಿ ಮಡಿಸಿ ಕಾಲನ್ನು ಒಳಕ್ಕೆ ತಿರುಗಿಸಿದೆ, ಅಜ್ಜಿ ಹಲ್ಲು ಕಚ್ಚಿದರು. ಎಕ್ಸ್‌ರೇಗೆ ಬರೆದು ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಕೀಲು ಸವೆದಿತ್ತು.

ಅವರು ಕೋಲನ್ನು ಬಲಗೈಯಲ್ಲೇ ಹಿಡಿಯುತ್ತಿದ್ದರು, ನೋವಿದ್ದ ಕಡೆಯೇ. ಬಲಗಾಲಿನ ಮೇಲೆ ನಿಂತಾಗ ಎಡಗಡೆ ಪೆಲ್ವಿಸ್ ಕುಸಿಯದ ಹಾಗೆ ಎಳೆದು ಹಿಡಿಯೋದು ಬಲ ರೆಕ್ಕೆಯ ಹೊರಮೈಯಿಂದ ಹೊರಡುವ ಗ್ಲೂಟಿಯಸ್ ಮೀಡಿಯಸ್ ಅನ್ನೋ ಸ್ನಾಯು. ಅದರ ಎಳೆತ ಪೂರ್ತಿ ಕೀಲಿನ ಮೇಲೆ ಬೀಳುತ್ತದೆ, ದೇಹದ ಭಾರಕ್ಕಿಂತ ಎಷ್ಟೋ ಜಾಸ್ತಿ. ಎಡಗೈಯ ಕೋಲು ಆ ಎಳೆತದಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಬೆಲ್ಟ್ ಬಿಚ್ಚಿಸಿ, ಕೋಲನ್ನು ಎಡಗೈಗೆ ಕೊಟ್ಟೆ. ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಹಗುರಾಯ್ತು ಕಣಪ್ಪ" ಅಂದರು.