ಕೆಂಡಾಮ ಚೆಂಡು: ಯಾವ ಬಣ್ಣಕ್ಕೆ ಹಿಡಿತ, ಯಾವುದಕ್ಕೆ ಬಾಳಿಕೆ?

ಮಳೆ ಶುರುವಾದಾಗಿನಿಂದ ಕಾರವಾರದ ನಮ್ಮ ಮನೆಯಲ್ಲಿ ಒಂದೇ ವಾದ. ಅಕ್ಕನ ಮಗನ ಬಳಿ ಎರಡು ಕೆಂಡಾಮ ಚೆಂಡುಗಳಿವೆ. ಒಂದು ಗಾಜಿನಂತೆ ಹೊಳೆಯುತ್ತದೆ. ಇನ್ನೊಂದು ಮುಟ್ಟಿದರೆ ಬೆರಳಿಗೆ ತುಸು ಅಂಟುತ್ತದೆ. ಯಾವುದು ಒಳ್ಳೆಯದು? ವಾದ ಮಾಡಿ ಸಾಕಾಗಿ ಪರೀಕ್ಷೆಗೇ ಇಳಿದೆವು.

ಹೆಸರು ಕೇಳಿ ಅಜ್ಜಿ 'ಕೆಂಡವಾ?' ಎಂದು ಬೆಚ್ಚಿದ್ದರು. ಕೆಂಡ ಅಲ್ಲ, ಜಪಾನಿನ ಮರದ ಆಟಿಕೆ. 'ಕೆನ್' ಎಂದರೆ ಹಿಡಿ. ಅದಕ್ಕೆ ಮೂರು ಬಟ್ಟಲು, ತುದಿಯಲ್ಲಿ ಒಂದು ಮೊನೆ. 'ತಮಾ' ಎಂದರೆ ತೂತಿರುವ ಚೆಂಡು, ಅಡ್ಡಳತೆ ಸುಮಾರು 60 ಮಿ.ಮೀ. ನಡುವೆ ದಾರ.

ಮೊದಲು ಹಿಡಿತ. ದಾರ ಬಿಚ್ಚಿಡಿ. ಎರಡು ಚೆಂಡಿಗೂ ಒಂದೇ ಕೆನ್ ಇರಲಿ. ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಳ್ಳಿ, ಕೊಬ್ಬರಿ ಎಣ್ಣೆಯ ಕೈಯಾದರೆ ಎಲ್ಲ ಲೆಕ್ಕವೂ ಸುಳ್ಳು. ಎಡಗೈಯಲ್ಲಿ ಚೆಂಡು ಹಿಡಿದು ಅದರ ಮೇಲೆ ಕೆನ್ ಅನ್ನು ನೆಟ್ಟಗೆ ನಿಲ್ಲಿಸಿ, ಬಲಗೈ ಬಿಡಿ. ಆಟದಲ್ಲಿ ಈ ಭಂಗಿಗೆ ಲೈಟ್‌ಹೌಸ್ ಎನ್ನುತ್ತಾರೆ. ಹತ್ತು ಎಣಿಸುವವರೆಗೆ ನಿಂತರೆ ಒಂದು ಅಂಕ. ಐದು ಸಲಕ್ಕೊಮ್ಮೆ ಚೆಂಡು ಬದಲಿಸಿ, ತಲಾ 20 ಸಲ ಮಾಡಿ. ಒಂದನ್ನೇ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ, ಅಷ್ಟರಲ್ಲಿ ಕೈ ಪಳಗಿ ಎರಡನೆಯದೇ ಗೆಲ್ಲುತ್ತದೆ. ನಾವು ಮೊದಲ ದಿನ ಮೋಸ ಹೋಗಿದ್ದು ಹೀಗೇ.

ಇದನ್ನೇ ಬೆವರಿದ ಕೈಯಲ್ಲಿ ಇನ್ನೊಮ್ಮೆ ಮಾಡಿ. ನಮ್ಮ ಕಡೆ ಬೆವರಿಗೇನು ಬರ, ಅಲ್ವಾ? ಅಂಟುವ ಬಣ್ಣದ ಮೇಲೆ ಬೆವರು, ಧೂಳು ಕೂತರೆ ಹಿಡಿತ ಕಡಿಮೆಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಬಹುಪಾಲು ಮರಳಿ ಬರುತ್ತದೆ. ಹೊಳಪಿನದರ ಕತೆ ಉಲ್ಟಾ. ಹೊಸತರಲ್ಲಿ ಜಾರುತ್ತದೆ, ಆಡಿ ಆಡಿ ಮೈ ಸವೆದ ಮೇಲೆ ಹಿಡಿಯತೊಡಗುತ್ತದೆ. ಹಾಗಾಗಿ ತಿಂಗಳು ಬಿಟ್ಟು ಮತ್ತೊಮ್ಮೆ ಅಂಕ ಹಾಕಿ.

ಈಗ ಬಾಳಿಕೆ. ದಾರ ಕಟ್ಟಿ, ಮೊನೆಗೆ ಚೆಂಡು ಸಿಕ್ಕಿಸುವ ಆಟವನ್ನು ದಿನಕ್ಕೆ ತಲಾ 50 ಸಲ ಆಡಿ. ಮೊನೆ ಜಾಸ್ತಿ ಬಡಿಯುವುದು ತೂತಿನ ಅಂಚಿಗೆ. ಭಾನುವಾರಕ್ಕೊಮ್ಮೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಆ ಅಂಚಿನ ಫೋಟೊ ತೆಗೆಯಿರಿ, ಕಿತ್ತ ಜಾಗ ಎಷ್ಟು ಬೆಳೆಯಿತೆಂದು ಗೊತ್ತಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬಣ್ಣ ಹಕ್ಕಳೆಯಾಗಿ ಎದ್ದು ಬಂದರೆ ಅದು ಮರವನ್ನು ಸರಿಯಾಗಿ ಕಚ್ಚಿಲ್ಲ. ಕುಳಿ ಬಿದ್ದರೂ ಬಣ್ಣ ಹಾಗೇ ಇದ್ದರೆ ಬಣ್ಣ ಗಟ್ಟಿ, ಮರ ಮೆದು. ಬಣ್ಣವನ್ನು ಸುಮ್ನೆ ಬೈಯಬೇಡಿ.

ಚಾಪೆಯ ಮೇಲೆ ನಿಂತು ಆಡಿ. ಅಂಗಳದ ಚಿರೆಕಲ್ಲಿಗೆ ಒಮ್ಮೆ ಬಿದ್ದರೆ ಯಾವ ಬಣ್ಣವೂ ಉಳಿಯದು. ಟ್ಯಾಗೋರ್ ಕಡಲತೀರಕ್ಕಂತೂ ಒಯ್ಯಬೇಡಿ. ನಮ್ಮ ಹುಡುಗ ಒಯ್ದಿದ್ದ. ಮರಳು ಉಪ್ಪುಕಾಗದದಂತೆ ಉಜ್ಜಿ, ಹೊಳೆಯುವ ಚೆಂಡಿನ ಹೊಳಪು ಒಂದೇ ಸಂಜೆಗೆ ಹೋಯಿತು. ಮರುದಿನ ಲೈಟ್‌ಹೌಸ್ ಮಾತ್ರ ಚೆನ್ನಾಗಿ ನಿಂತಿತು, ಅದು ಬೇರೆ ಮಾತು.